ಎನ್‌ಐಸಿಯುನವರನ್ನು ಮಾತಾಡಿಸುವವರು ಯಾರು?

(ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ ಸಿಬ್ಬಂದಿಗಾಗಿ ನಡೆದ ಕಾರ್ಯಾಗಾರವೊಂದರಲ್ಲಿ ಹಿರಿಯ ಶುಶ್ರೂಷಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಆ ಮಗುವಿನ ತೂಕ 2 ಕೆಜಿ 800 ಗ್ರಾಂ. ನಮ್ಮ ಲೆಕ್ಕದಲ್ಲಿ ಅದು ದೊಡ್ಡ ಮಗು. ಸುತ್ತ 1 ಕೆಜಿ, 1 ಕೆಜಿ 200 ಗ್ರಾಮಿನ ಕೂಸುಗಳು ಮಲಗಿದ್ದ ಕೋಣೆಗೆ ಅದನ್ನು ತಂದಾಗ ‘ಇದು ಉಳಿಯುತ್ತೆ ಬಿಡಿ’ ಅಂತ ನನ್ನ ಬಾಯಲ್ಲೇ ಬಂದಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಹುಟ್ಟಿದ ಮಗು. ಹುಟ್ಟಿದಾಗ ಅತ್ತಿರಲಿಲ್ಲ. 108ರಲ್ಲಿ ಒಂದೂವರೆ ಗಂಟೆ ದಾರಿ ಸವೆಸಿ ನಮ್ಮ ಹತ್ತಿರ ಬಂದಿತ್ತು. ರಾತ್ರಿ 2:40ಕ್ಕೆ ಅದರ ಹೃದಯದ ಬಡಿತ ಇಳಿಯತೊಡಗಿತು.

ಮುಂದಿನದು ನಿಮಗೆ ಗೊತ್ತು. ನಾನು ಎರಡು ಹೆಬ್ಬೆರಳಿನಿಂದ ಎದೆ ಒತ್ತುತ್ತಿದ್ದೆ. ಡಾಕ್ಟರು ಉಸಿರು ತುಂಬುವ ಬ್ಯಾಗ್ ಹಿಡಿದಿದ್ದರು. ಮೂರು ಸಲ ಒತ್ತು, ಒಂದು ಉಸಿರು. ನಿಮಿಷಕ್ಕೆ 90 ಒತ್ತು, 30 ಉಸಿರು. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಒಬ್ಬ ಸಿಸ್ಟರ್‌ಗೆ ಹೃದಯದ ಬಡಿತ ಏರಿಸುವ ಅಡ್ರಿನಲಿನ್ ಔಷಧವನ್ನು ಸಿರಿಂಜಿಗೆ ಲೋಡ್ ಮಾಡಲು ಹೇಳಿದೆವು. ಇನ್ನೊಬ್ಬರು ಪ್ಲಾಸ್ಟರ್ ಚೂರಿನ ಮೇಲೆ ಸಮಯ ಬರೆದುಕೊಳ್ಳುತ್ತಿದ್ದರು. ಮಗು ಉಳಿಯಲಿಲ್ಲ. ಆಯಮ್ಮ ಬಿಳಿ ಬಟ್ಟೆ ತಂದರು. ಪಕ್ಕದ ವಾರ್ಮರ್‌ನಲ್ಲಿ, ಅಂದರೆ ಮಗುವನ್ನು ಬೆಚ್ಚಗಿಡುವ ಹಾಸಿಗೆಯಲ್ಲಿ, ಇನ್ನೊಂದು ಮಗುವಿನ ರಕ್ತದ ಆಮ್ಲಜನಕದ ಮಟ್ಟ (ಸ್ಯಾಚುರೇಶನ್) ಇಳಿದು ಅಲಾರಂ ಹೊಡೆಯಿತು, ಎಲ್ಲರೂ ಆ ಕಡೆ ಓಡಿದೆವು. ಬೆಳಿಗ್ಗೆ 8 ಗಂಟೆಗೆ ಹ್ಯಾಂಡೋವರ್, ಪಾಳಿ ಬದಲಾಗುವ ಹೊತ್ತು. ಇನ್ಚಾರ್ಜ್ ಸಿಸ್ಟರ್ ಕೇಳಿದ್ದು ಒಂದೇ ಮಾತು: ‘ಕೇಸ್ ಶೀಟ್ ಪೂರ್ತಿ ಆಯ್ತಾ?’

ಅವರು ಕಲ್ಲೆದೆಯವರೇನಲ್ಲ. ಅವರ ಕಾಲದಲ್ಲಿ ಅವರನ್ನೂ ಯಾರೂ ಬೇರೇನೂ ಕೇಳಿರಲಿಲ್ಲ.

ಮೂರು ವರ್ಷ ಆದಮೇಲೆ ಆ ಕಿರಿಯ ಸಿಸ್ಟರ್‌ಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಬೀಳ್ಕೊಡುಗೆ ದಿನ ಉಪ್ಪಿಟ್ಟು, ಕೇಸರಿಬಾತು ತರಿಸಿದ್ದೆವು. ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಆಕೆ ಹೇಳಿದಳು: ‘ಅಕ್ಕಾ, ಆ ದೊಡ್ಡ ಮಗು ನನ್ನಿಂದ ಹೋಯ್ತು. ಔಷಧದ ಗಾಜಿನ ಆಂಪ್ಯೂಲ್ ಒಡೆಯೋಕೆ ಆಗ್ಲಿಲ್ಲ, ಕೈ ನಡುಗ್ತಿತ್ತು. ಸಲೈನ್ ಸೇರಿಸಿ ಕೊಡೋ ಹೊತ್ತಿಗೆ ಐದಾರು ನಿಮಿಷ ಆಗ್ಹೋಗಿತ್ತು.’ ಅವತ್ತು ಸಮಯ ಬರೆದುಕೊಂಡಿದ್ದ ಸಿಸ್ಟರ್ ಅಲ್ಲೇ ಕೂತಿದ್ದರು. ‘ಏನ್ ಮಾತಾಡ್ತಿದ್ದೀಯಾ? ಕೇಳಿದ್ದು 2:46ಕ್ಕೆ, ಕೊಟ್ಟಿದ್ದು 2:47ಕ್ಕೆ. ನಾನೇ ಬರ್ಕೊಂಡೆ, ಕೇಸ್ ಶೀಟ್‌ಗೂ ಏರಿಸಿದೆ’ ಅಂದರು.

ಒಂದು ನಿಮಿಷ. ಆಕೆ ಅದನ್ನು ಆರು ನಿಮಿಷ ಅಂದುಕೊಂಡು ಮೂರು ವರ್ಷ ಹೊತ್ತಳು. ಆ ಕೇಸ್ ಶೀಟ್ ನಮ್ಮ ರೆಕಾರ್ಡ್ ರೂಮಿನಲ್ಲೇ ಇತ್ತು, ಬರೆದವರು ಪಕ್ಕದ ಡ್ಯೂಟಿಯಲ್ಲೇ ಇದ್ದರು. ಅವತ್ತು ಬೆಳಿಗ್ಗೆ ನಾವು ನಾಲ್ಕು ಜನ ಐದು ನಿಮಿಷ ಒಟ್ಟಿಗೆ ನಿಂತಿದ್ದರೆ ಸಾಕಾಗಿತ್ತು.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಆ ಐದು ನಿಮಿಷದ ಬಗ್ಗೆ.

ನಮ್ಮ ಊರುಗಳಲ್ಲಿ ಒಂದು ರೂಢಿ ಇದೆ. ಯಾರದಾದರೂ ಮನೆಯಲ್ಲಿ ಸಾವಾದರೆ ಜನ ಹೋಗಿ ‘ಮಾತಾಡಿಸಿಕೊಂಡು’ ಬರುತ್ತಾರೆ. ಸಮಾಧಾನ ಮಾಡಿ ಬರುತ್ತೇವೆ ಅನ್ನುವುದಿಲ್ಲ, ಬುದ್ಧಿ ಹೇಳಿ ಬರುತ್ತೇವೆ ಅಂತಲೂ ಅನ್ನುವುದಿಲ್ಲ. ಹೋಗಿ ಜಗುಲಿ ಮೇಲೆ ಕೂರುತ್ತಾರೆ. ‘ಹೆಂಗಾಯ್ತು? ಎಷ್ಟೊತ್ತಿಗೆ? ಯಾರು ಹತ್ತಿರ ಇದ್ರು?’ ಮನೆಯವರು ಅದನ್ನೇ ಹತ್ತು ಜನಕ್ಕೆ ಹತ್ತು ಸಲ ಹೇಳುತ್ತಾರೆ. ಹೇಳುತ್ತಾ ಹೇಳುತ್ತಾ ಅವರಿಗೇ ಅದರ ಹಿಂದುಮುಂದು ತಿಳಿಯುತ್ತಾ ಹೋಗುತ್ತದೆ. ನಮ್ಮ ಘಟಕದಲ್ಲಿ ವಾರಕ್ಕೊಂದು ಸಾವು ಆಗಬಹುದು, ಕೆಟ್ಟ ವಾರದಲ್ಲಿ ನಾಲ್ಕು. ನಮ್ಮನ್ನು ಯಾರಾದರೂ ಮಾತಾಡಿಸಿಕೊಂಡು ಹೋಗಿದ್ದಾರೆಯೇ? ಮನೆಗೆ ಹೋದರೆ ಅಲ್ಲೂ ಹೇಳುವ ಹಾಗಿಲ್ಲ. ಗಂಡ, ಅತ್ತೆ ಕೇಳಿಸಿಕೊಳ್ಳುವುದಿಲ್ಲ ಅಂತಲ್ಲ. ಊಟದ ಹೊತ್ತಿನಲ್ಲಿ ಸತ್ತ ಮಗುವಿನ ಮಾತು ತೆಗೆಯಲು ನಮಗೇ ನಾಲಿಗೆ ಏಳುವುದಿಲ್ಲ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಮನೆಯಲ್ಲಿ ನಿದ್ದೆಯಲ್ಲೂ ಮಾನಿಟರ್ ಅಲಾರಂ ಕೇಳಿಸುತ್ತದೆ, ಹೌದೋ ಅಲ್ಲವೋ? ನನಗೆ ನಿವೃತ್ತಿಯಾದ ಮೇಲೂ ಕೇಳಿಸುತ್ತಿತ್ತು.

ಈ ಮಾತಾಡಿಸುವುದನ್ನು ಆಸ್ಪತ್ರೆಯ ಕೆಲಸದೊಳಕ್ಕೆ ತಂದರೆ ಅದಕ್ಕೆ ಡಿಬ್ರೀಫಿಂಗ್ ಅನ್ನುತ್ತಾರೆ. ಈ ಹೆಸರು ಕೇಳಿದ ಕೂಡಲೇ ನಮ್ಮವರಿಗೆ ನೆನಪಾಗುವುದು ಡೆತ್ ಆಡಿಟ್. ಅಲ್ಲೇ ನಾವು ಎಡವುವುದು. ಮಕ್ಕಳ ಮರಣ ಪರಿಶೀಲನೆಗೆ ಕೇಂದ್ರ ಆರೋಗ್ಯ ಇಲಾಖೆ 2014ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಅದು ಬೇಕು. ಮಗು ಯಾಕೆ ಸತ್ತಿತು, ಎಲ್ಲಿ ತಡವಾಯಿತು, ರೆಫರಲ್‌ನಲ್ಲೋ ಸಾಗಣೆಯಲ್ಲೋ ನಮ್ಮಲ್ಲೋ ಅಂತ ಹುಡುಕುವ ಕೆಲಸ ಅದು. ಅದಕ್ಕೆ ಫಾರಂ ಇದೆ, ಸಹಿ ಇದೆ, ಮೇಲಿನವರಿಗೆ ವರದಿ ಇದೆ. ಡಿಬ್ರೀಫಿಂಗ್‌ನಲ್ಲಿ ಅದ್ಯಾವುದೂ ಇಲ್ಲ. ಎರಡನ್ನೂ ಒಂದೇ ಸಭೆಯಲ್ಲಿ ಮುಗಿಸಿಬಿಡೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ನೋಟಿಸ್ ಬರಬಹುದು ಅನ್ನುವ ಹೆದರಿಕೆ ಇರುವ ಕಡೆ ಯಾವ ಸಿಸ್ಟರೂ ‘ನನ್ನ ಕೈ ನಡುಗ್ತಿತ್ತು’ ಅಂತ ಹೇಳುವುದಿಲ್ಲ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು, ಯಾಕೆಂದರೆ ಡಿಬ್ರೀಫಿಂಗ್ ಅಂದರೆ ಕಣ್ಣು ಮುಚ್ಚಿ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. 1983ರಲ್ಲಿ ಅಮೆರಿಕದ ಜೆಫ್ರಿ ಮಿಚೆಲ್ ಅನ್ನುವವರು ಒಂದು ಪದ್ಧತಿಯನ್ನು ಬರೆದು ಪ್ರಕಟಿಸಿದರು. ಅವರು ತಾವೇ ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಕೆಲಸ ಮಾಡಿದವರು. ದೊಡ್ಡ ಅವಘಡ ಆದಮೇಲೆ ಒಂದರಿಂದ ಮೂರು ದಿನದೊಳಗೆ ತಂಡವನ್ನು ಕೂರಿಸಿ, ಏನಾಯಿತು, ಏನನ್ನಿಸಿತು, ಯಾವುದು ಅತಿ ಕಷ್ಟವಾಯಿತು ಅಂತ ಹಂತ ಹಂತವಾಗಿ ಮಾತಾಡಿಸುವುದು. ಅದು ತಂಡಕ್ಕೆ ಅಂತ ಮಾಡಿದ್ದು. ಆದರೆ ಬೇಗನೆ ಎಲ್ಲ ಕಡೆಗೂ ಹಬ್ಬಿತು. ಅಪಘಾತದಲ್ಲಿ ಗಾಯಗೊಂಡವರು, ಬೆಂಕಿಯಲ್ಲಿ ಸುಟ್ಟವರು, ಹೀಗೆ ಒಬ್ಬೊಬ್ಬರನ್ನೇ ಒಂದು ಸಲ ಕೂರಿಸಿ ‘ಎಲ್ಲ ಹೇಳಿಬಿಡಿ’ ಅನ್ನುವುದು ಶುರುವಾಯಿತು.

ಆಮೇಲೆ ಅದನ್ನು ಪರೀಕ್ಷೆ ಮಾಡಿ ನೋಡಿದರು. ಬ್ರಿಟನ್ನಿನಲ್ಲಿ ಬಿಸ್ಸನ್ ಮತ್ತು ಸಂಗಡಿಗರು ಸುಟ್ಟಗಾಯದ ರೋಗಿಗಳ ಮೇಲೆ ಮಾಡಿದ ಅಧ್ಯಯನ 1997ರಲ್ಲಿ ಬಂತು. ಹದಿಮೂರು ತಿಂಗಳ ನಂತರ ನೋಡಿದರೆ, ಹಾಗೆ ಮಾತಾಡಿಸಿದವರಲ್ಲಿ 26 ಶೇಕಡಾ ಜನಕ್ಕೆ ಆಘಾತದ ನಂತರದ ಮಾನಸಿಕ ಕಾಯಿಲೆ ಇತ್ತು. ಮಾತಾಡಿಸದೆ ಬಿಟ್ಟವರಲ್ಲಿ 9 ಶೇಕಡಾ. ಹೆಚ್ಚು ಸುಟ್ಟವರೇ ಮಾತಾಡಿಸಿದ ಗುಂಪಿಗೆ ಬಂದಿದ್ದರು ಅನ್ನುವ ವಾದವೂ ಇದೆ. ಆದರೂ 2002ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯವರು ಇಂಥ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿ, ನೊಂದವರನ್ನು ಕಡ್ಡಾಯವಾಗಿ ಕೂರಿಸಿ ಒಂದೇ ಸಲಕ್ಕೆ ಹೇಳಿಸುವುದನ್ನು ನಿಲ್ಲಿಸಬೇಕು ಎಂದರು.

ಇದನ್ನು ಓದಿದಾಗ ನನಗೆ ಗಾಬರಿಯಾಗಿತ್ತು. ನಾವು ಮಾಡುತ್ತಿರುವುದೇ ತಪ್ಪೇ? ನಿಧಾನವಾಗಿ ಯೋಚಿಸಿದಾಗ ತಿಳಿಯಿತು. ಅವರು ನೋಡಿದ್ದು ಗಾಯಗೊಂಡ ರೋಗಿಗಳನ್ನು. ಗಾಯ ಹಸಿಯಾಗಿರುವಾಗ, ಗುರುತಿಲ್ಲದವರು ಬಂದು, ಒಮ್ಮೆ ಕೆದಕಿ ಹೋಗಿದ್ದರು. ಒಟ್ಟಿಗೆ ಕೆಲಸ ಮಾಡುವ ನಾಲ್ಕು ಜನ ಆ ರಾತ್ರಿಯ ಕೆಲಸದ ಬಗ್ಗೆ ತಾವೇ ಮಾತಾಡಿಕೊಳ್ಳುವುದು ಬೇರೆ. ಮನಸ್ಸಿನ ಕಾಯಿಲೆ ಬಾರದ ಹಾಗೆ ಇದು ತಡೆಯುತ್ತದೆ ಅಂತ ನಾನು ನಿಮಗೆ ಭರವಸೆ ಕೊಡುವುದಿಲ್ಲ. ಆದರೆ ಆ ಅಧ್ಯಯನಗಳಿಂದ ನಾವು ಎರಡು ಮಾತು ಗಟ್ಟಿಯಾಗಿ ಹಿಡಿದುಕೊಂಡೆವು. ಯಾರನ್ನೂ ಬಲವಂತವಾಗಿ ಕೂರಿಸಬಾರದು. ಯಾರ ಬಾಯಿಂದಲೂ ದುಃಖವನ್ನು ಹಿಂಡಿ ತೆಗೆಯಬಾರದು.

ಹಾಗಾದರೆ ಏನು ಕೇಳಬೇಕು? ‘ನಿನಗೆ ಏನನ್ನಿಸಿತು’ ಅಂತ ಮೊದಲೇ ಕೇಳಬೇಡಿ. ‘ಏನಾಯಿತು’ ಅಂತ ಕೇಳಿ. ಎಡಿನ್‌ಬರೋದ ತುರ್ತು ಚಿಕಿತ್ಸಾ ವಿಭಾಗದವರು ‘ಸ್ಟಾಪ್ 5’ ಅಂತ ಐದು ನಿಮಿಷದ ಪದ್ಧತಿ ಮಾಡಿಕೊಂಡಿದ್ದಾರೆ. ಮೊದಲು ನಡೆದದ್ದನ್ನು ಚುಟುಕಾಗಿ ಹೇಳುವುದು, ಆಮೇಲೆ ಯಾವುದು ಚೆನ್ನಾಗಿ ನಡೆಯಿತು, ಯಾವುದನ್ನು ಇನ್ನೂ ಚೆನ್ನಾಗಿ ಮಾಡಬಹುದಿತ್ತು, ಕೊನೆಗೆ ಏನು ಮಾಡಬೇಕು, ಯಾರು ಮಾಡಬೇಕು. ನಾವು ಅದನ್ನೇ ನಮಗೆ ಹೊಂದುವ ಹಾಗೆ ಮಾಡಿಕೊಂಡೆವು. ನಮ್ಮಲ್ಲಿ ಮೊದಲ ಕೆಲಸ, ಸಮಯ ಬರೆದವರು ಆ ಚೀಟಿಯನ್ನು ಜೋರಾಗಿ ಓದುವುದು. ಆ ರಾತ್ರಿಯದನ್ನು ಓದಿದ್ದರೆ ಹೀಗಿರುತ್ತಿತ್ತು: 2:40ಕ್ಕೆ ಬಡಿತ ಇಳಿಯಿತು, 2:41ಕ್ಕೆ ಬ್ಯಾಗ್ ಶುರು, 2:46ಕ್ಕೆ ಅಡ್ರಿನಲಿನ್ ಕೇಳಿದರು, 2:47ಕ್ಕೆ ಕೊಟ್ಟರು. ಓದುತ್ತಿದ್ದ ಹಾಗೆ ಒಬ್ಬೊಬ್ಬರ ಹೆಗಲು ಇಳಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಯಾಕೆ ಹೀಗಾಗುತ್ತದೆ ಗೊತ್ತೇ? ಅಂಥ ಹೊತ್ತಿನಲ್ಲಿ ಪ್ರತಿಯೊಬ್ಬರಿಗೂ ಕಾಣುವುದು ಒಂದೊಂದು ಚೂರು. ಎದೆ ಒತ್ತುವವರಿಗೆ ತಮ್ಮ ಹೆಬ್ಬೆರಳು, ಬ್ಯಾಗ್ ಹಿಡಿದವರಿಗೆ ಎದೆ ಏಳುತ್ತಿದೆಯೇ ಅನ್ನುವುದು, ಔಷಧ ತುಂಬುವವರಿಗೆ ಆಂಪ್ಯೂಲಿನ ಕುತ್ತಿಗೆ. ಹೊತ್ತು ಸಹ ಒಬ್ಬೊಬ್ಬರಿಗೆ ಒಂದೊಂದು ಥರ ಓಡುತ್ತದೆ. ಆ ಚೂರುಗಳನ್ನು ಪಕ್ಕಪಕ್ಕ ಇಡದೆ ಮನೆಗೆ ಹೋದರೆ, ಮಿಕ್ಕಿದ್ದನ್ನೆಲ್ಲ ಮನಸ್ಸೇ ತುಂಬಿಕೊಳ್ಳುತ್ತದೆ, ಮತ್ತು ನಮ್ಮ ಮನಸ್ಸು ತನ್ನ ಮೇಲೆ ತಪ್ಪು ಹೊರಿಸಿಕೊಂಡೇ ತುಂಬಿಕೊಳ್ಳುತ್ತದೆ. ‘ನನ್ನಿಂದ ಆಯ್ತು’ ಅಂದುಕೊಂಡವರು ಒಂದೇ ಮಗುವಿನ ವಿಷಯದಲ್ಲಿ ಮೂರು ಜನ ಇದ್ದದ್ದನ್ನು ನಾನು ನೋಡಿದ್ದೇನೆ. ಒಬ್ಬರಿಗೂ ಇನ್ನೊಬ್ಬರ ಮಾತು ಗೊತ್ತಿರಲಿಲ್ಲ.

ಡಾಕ್ಟರಿಗೂ ಈ ಮಾತು ಸೇರಿದೆ. ಸಾಕು, ನಿಲ್ಲಿಸೋಣ ಅಂತ ಬಾಯಿ ಬಿಟ್ಟು ಹೇಳಬೇಕಾದವರು ಅವರು. ಹುಟ್ಟಿದ ಮಗುವಿಗೆ ಎಲ್ಲ ಪ್ರಯತ್ನ ಮಾಡಿಯೂ 20 ನಿಮಿಷ ಬಡಿತವೇ ಬಾರದಿದ್ದರೆ ಮುಂದುವರಿಸಬೇಕೇ ಅಂತ ಮನೆಯವರೊಂದಿಗೂ ತಂಡದೊಂದಿಗೂ ಮಾತಾಡಿ ಅಂತ ಮಾರ್ಗಸೂಚಿ ಹೇಳುತ್ತದೆ. ಪುಸ್ತಕದಲ್ಲಿ ಅದು ಒಂದು ಸಾಲು. ಹೊರಗೆ ಬೆಂಚಿನ ಮೇಲೆ ಅಜ್ಜಿ ಕೂತಿರುವಾಗ ಆ ಸಾಲನ್ನು ಹೇಳುವವರು 27 ವರ್ಷದ, ಇನ್ನೂ ಪಿಜಿ ಓದುತ್ತಿರುವ ಡಾಕ್ಟರ್ ಹುಡುಗ. ಅವನನ್ನೂ ಕರೆಯಿರಿ. ಆಯಮ್ಮನನ್ನೂ ಕರೆಯಿರಿ. ನಾವು ಬಹಳ ವರ್ಷ ಆಯಮ್ಮನನ್ನು ಕರೆಯಲೇ ಇಲ್ಲ, ಇದು ನನ್ನದೇ ತಪ್ಪು. ಮಗುವಿಗೆ ಬಟ್ಟೆ ಸುತ್ತಿ, ಎತ್ತಿಕೊಂಡು ಹೋಗಿ ತಂದೆಯ ಕೈಗೆ ಕೊಡುವವರು ಅವರು. ಆ ತಂದೆಯ ಮುಖವನ್ನು ನಮ್ಮಲ್ಲಿ ಅತಿ ಹತ್ತಿರದಿಂದ ನೋಡಿದವರೂ ಅವರೇ.

ಈಗ ನೀವು ಕೇಳುವ ಪ್ರಶ್ನೆ ನನಗೆ ಗೊತ್ತು. 12 ವಾರ್ಮರ್, 18 ಮಕ್ಕಳು, ರಾತ್ರಿ ಇಬ್ಬರೇ ಸಿಸ್ಟರ್‌ಗಳು. ಇವರು ಐದು ನಿಮಿಷ ಕೂತರೆ ಮಕ್ಕಳನ್ನು ನೋಡುವವರು ಯಾರು? ನ್ಯಾಯವಾದ ಪ್ರಶ್ನೆ. ಮಕ್ಕಳನ್ನು ಬಿಟ್ಟು ಕೂರಿ ಅಂತ ನಾನು ಹೇಳಲಾರೆ. ನಾವು ಕಂಡುಕೊಂಡದ್ದು ಹ್ಯಾಂಡೋವರ್ ಹೊತ್ತು. ಆಗ ಎರಡೂ ಪಾಳಿಯವರು ಇರುತ್ತಾರೆ. ಬೆಳಗಿನವರು ಮಕ್ಕಳ ಹತ್ತಿರ ನಿಲ್ಲುತ್ತಾರೆ, ರಾತ್ರಿಯವರು ಹಾಲು ಹಿಂಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಎಂಟು ಗಂಟೆಗೆ ತಾಯಂದಿರು ತಿಂಡಿಗೆ ಹೋಗಿರುವುದರಿಂದ ಅದು ಖಾಲಿ. ಆದರೆ ಒಂದು ಷರತ್ತು: ಆ ಐದು ನಿಮಿಷ ಡ್ಯೂಟಿಯ ಲೆಕ್ಕಕ್ಕೆ ಸೇರಬೇಕು. ರಾತ್ರಿ ಪೂರ್ತಿ ನಿಂತವರಿಗೆ ಬಸ್ಸು ತಪ್ಪಿಸಿ ಕೂರಿಸಿದರೆ ಅದು ಶಿಕ್ಷೆಯಾಗುತ್ತದೆ. ಇಲ್ಲಿ ಕೂತಿರುವ ಅಧಿಕಾರಿಗಳಿಗೆ ನನ್ನ ಕಳಕಳಿಯ ಬೇಡಿಕೆ ಇದು. ಜನ ಕೊಡಿ, ಇಲ್ಲವೆಂದರೆ ಐದು ನಿಮಿಷವನ್ನಾದರೂ ಕೊಡಿ. ಸಿಬ್ಬಂದಿ ಕೊರತೆಗೆ ಡಿಬ್ರೀಫಿಂಗ್ ಔಷಧವಲ್ಲ. ಇಬ್ಬರು ಮಾಡಲಾಗದ ಕೆಲಸವನ್ನು ಇಬ್ಬರಿಂದಲೇ ಮಾಡಿಸಿ, ಆಮೇಲೆ ಕೂರಿಸಿ ‘ಹೇಗನ್ನಿಸಿತು’ ಅಂತ ಕೇಳುವುದು ಕ್ರೂರ.

ಅಷ್ಟೂ ಆಗದ ರಾತ್ರಿಗಳಿಗೆ ಇನ್ನೊಂದು ಇದೆ. ವರ್ಜೀನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯ ಶುಶ್ರೂಷಕ ಜೊನಾಥನ್ ಬಾರ್ಟೆಲ್ಸ್ ಶುರು ಮಾಡಿದ್ದು. ಪ್ರಾಣ ಹೋದ ಮೇಲೆ ಹಾಸಿಗೆಯ ಸುತ್ತ ಇದ್ದವರೆಲ್ಲ ಒಂದು ನಿಮಿಷ ಮಾತಿಲ್ಲದೆ ನಿಲ್ಲುವುದು. ಪ್ರಾರ್ಥನೆ ಅಂತಲ್ಲ, ಯಾವ ಧರ್ಮದ್ದೂ ಅಲ್ಲ. ಒಬ್ಬರು, ‘ಈ ಮಗುವಿಗೂ ಅದಕ್ಕಾಗಿ ದುಡಿದ ನಮಗೂ ಒಂದು ನಿಮಿಷ ನಿಲ್ಲೋಣ’ ಅಂದರೆ ಸಾಕು. ನಾವು ಮಾಡಿ ನೋಡಿದಾಗ ಮೊದಲ ಸಲ ಎಲ್ಲರಿಗೂ ಸಂಕೋಚ. ಎರಡನೇ ಸಲ ಡಾಕ್ಟರೇ ಕೈ ತೊಳೆಯಲು ಹೋಗದೆ ನಿಂತರು.

ಹೀಗೆ ಕೂತು ಮಾತಾಡಲು ಸಾವೇ ಆಗಬೇಕೆಂದೇನೂ ಇಲ್ಲ, ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನನ್ನ ಸರ್ವೀಸ್‌ನಲ್ಲಿ ಅತಿ ಭಾರವಾದ ದಿನಗಳು ಸಾವಿನ ದಿನಗಳಲ್ಲ. ಡಿಸ್ಚಾರ್ಜ್ ದಿನಗಳು. ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದುಕೊಂಡು ಹೋಗುತ್ತಿದ್ದೇವೆ ಅಂತ ಮನೆಯವರು ಸಹಿ ಹಾಕುವ ದಿನಗಳು. ಒಂದು ಹೆಣ್ಣು ಮಗು, 30 ವಾರಕ್ಕೆ ಹುಟ್ಟಿದ್ದು, ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಉಸಿರಾಟಕ್ಕೆ ನೆರವಾಗುವ ಸಿ-ಪ್ಯಾಪ್ ಮೇಲೆ ಚೆನ್ನಾಗಿ ಸುಧಾರಿಸುತ್ತಿತ್ತು. ಮನೆಯಲ್ಲಿ ಆಗಲೇ ಇಬ್ಬರು ಹೆಣ್ಣು ಮಕ್ಕಳು. ಮೂರು ದಿನ ಬೇಡಿಕೊಂಡೆವು. ನಾಲ್ಕನೇ ದಿನ ಸಹಿ ಹಾಕಿದರು. ಮೂಗಿನಿಂದ ನಳಿಗೆ ತೆಗೆದದ್ದು ನನ್ನ ಕೈ. ತಾಯಿ ನನ್ನ ಮುಖ ನೋಡಲಿಲ್ಲ, ನಾನೂ ಅವಳ ಮುಖ ನೋಡಲಿಲ್ಲ. ಆ ಮಗು ನಮ್ಮ ಮರಣದ ಪಟ್ಟಿಯಲ್ಲಿ ಇಲ್ಲ, ಆದ್ದರಿಂದ ಅದರ ಬಗ್ಗೆ ಯಾವ ಸಭೆಯೂ ನಡೆಯಲಿಲ್ಲ.

ಸರಿ ಯಾವುದು ಅಂತ ಗೊತ್ತಿದ್ದೂ ಮಾಡಲಾಗದೆ ಹೋದಾಗ ಆಗುವ ಈ ಸಂಕಟಕ್ಕೆ 1984ರಲ್ಲೇ ಆಂಡ್ರ್ಯೂ ಜೇಮ್‌ಟನ್ ಅನ್ನುವವರು ನೈತಿಕ ಸಂಕಟ ಅಂತ ಹೆಸರು ಕೊಟ್ಟಿದ್ದಾರೆ. ಅವರು ಅದನ್ನು ಬರೆದದ್ದು ಶುಶ್ರೂಷಕರ ಬಗ್ಗೆಯೇ. ಇದಕ್ಕೆ ಐದು ನಿಮಿಷ ಸಾಲದು. ಇಂಥವಕ್ಕೆ ನಾವು ತಿಂಗಳಿಗೊಮ್ಮೆ ಮಧ್ಯಾಹ್ನ ಒಂದು ಗಂಟೆ ಕೂರುತ್ತಿದ್ದೆವು. ಒಂದೇ ಮಗುವಿನ ವಿಷಯ. ಡಾಕ್ಟರು, ಸಿಸ್ಟರು, ಸಮಾಜ ಕಾರ್ಯಕರ್ತೆ ಎಲ್ಲರೂ. ಪರಿಹಾರ ಸಿಗುತ್ತಿತ್ತು ಅಂತ ಹೇಳುವುದಿಲ್ಲ. ಆದರೆ ಒಂದು ಸಲ ಅದೇ ಮಾತಿನಿಂದ, ಅಜ್ಜಿಯನ್ನು ಎರಡನೇ ದಿನವೇ ಒಳಗೆ ಕರೆದು ಮಗುವನ್ನು ಮುಟ್ಟಿಸಬೇಕು, ಮಗುವನ್ನು ತಾಯಿಯ ಎದೆಗೆ, ಮೈಗೆ ಮೈ ತಾಗುವ ಹಾಗೆ ಇಡುವ ಕಾಂಗರೂ ಆರೈಕೆಗೆ ಆದಷ್ಟು ಬೇಗ ಹಾಕಬೇಕು ಅನ್ನುವ ತೀರ್ಮಾನ ಬಂತು. ಮುಟ್ಟಿದ ಮಗುವನ್ನು ಬಿಟ್ಟುಹೋಗುವುದು ಕಷ್ಟ.

ತಪ್ಪು ನಿಜವಾಗಿಯೂ ಆದಾಗ ಏನು ಮಾಡುವುದು? ಆಗುತ್ತದೆ. ನಮ್ಮ ಮಕ್ಕಳ ಡೋಸು ಮಿಲಿಲೀಟರಿನ ಹತ್ತನೇ ಭಾಗದಲ್ಲಿ ಇರುತ್ತದೆ, ದಶಮಾಂಶದ ಒಂದು ಚುಕ್ಕಿ ಜರುಗಿದರೆ ಹತ್ತು ಪಟ್ಟು. ಇಂಥ ತಪ್ಪಾದ ಸಿಬ್ಬಂದಿಯನ್ನು 2000ದಲ್ಲಿ ಆಲ್ಬರ್ಟ್ ವೂ ಅನ್ನುವ ವೈದ್ಯರು ‘ಎರಡನೇ ಬಲಿಪಶು’ ಅಂತ ಕರೆದರು. ಆ ಪದ ನನಗೆ ಹಿಡಿಸುವುದಿಲ್ಲ. ಮಗುವನ್ನು ಕಳೆದುಕೊಂಡ ತಾಯಿಯ ಪಕ್ಕದಲ್ಲಿ ನಿಂತು ನಾನೂ ಬಲಿಪಶು ಅನ್ನಲು ನನ್ನಿಂದ ಆಗದು. ಆದರೆ ಅವರು ಹೇಳಿದ ವಿಷಯ ನಿಜ. ಅಂಥವರನ್ನು ನಾವು ಮೂಲೆಗೆ ತಳ್ಳುತ್ತೇವೆ. ಚಹಾಕ್ಕೆ ಕರೆಯುವುದನ್ನು ಬಿಡುತ್ತೇವೆ. ವಿಚಾರಣೆ ನಡೆಯಲಿ, ತಾಯಿತಂದೆಗೆ ಸತ್ಯ ಹೇಳಲಿ, ಅದು ಅವರ ಹಕ್ಕು. ಅದರ ಜೊತೆಗೇ ಒಬ್ಬ ಸಹೋದ್ಯೋಗಿ ಆ ಸಿಸ್ಟರ್ ಜೊತೆ ಬಸ್ ಸ್ಟ್ಯಾಂಡಿನವರೆಗೆ ನಡೆದು ಹೋಗಲಿ. ಅಂದು ರಾತ್ರಿ ಒಂದು ಫೋನ್ ಮಾಡಲಿ. ತಂಡದ ಎದುರು ಅವಳನ್ನು ಕೂರಿಸಿ ಡಿಬ್ರೀಫಿಂಗ್ ಮಾಡುವುದು ಮಾತ್ರ ಬೇಡ. ಅದು ಪಂಚಾಯಿತಿಯಾಗಿಬಿಡುತ್ತದೆ.

ಒಂದು ವಾರ ಕಳೆದ ಮೇಲೆ ಇನ್ನೊಮ್ಮೆ ಕೇಳಿ. ಇದನ್ನು ಎಲ್ಲರೂ ಮರೆಯುತ್ತಾರೆ. ಮೊದಲ ದಿನ ‘ಏನಿಲ್ಲ ಬಿಡಿ’ ಅಂದವರು ಎಂಟನೇ ದಿನ ಹೇಳುತ್ತಾರೆ. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ, ಅದೇ ವಾರ್ಮರ್ ಹತ್ತಿರ ಹೋಗಲು ಹಿಂಜರಿಯುತ್ತಿದ್ದಾಳೆಯೇ ನೋಡಿ. ತಿಂಗಳಾದರೂ ಹೀಗೇ ಇದ್ದರೆ ಅದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ, ಮನೋವೈದ್ಯರ ಹತ್ತಿರ ಕಳಿಸಬೇಕು. ಜೀವವೇ ಬೇಡ ಅನ್ನುವ ಮಾತು ಬಂದರಂತೂ ಒಂದು ಗಂಟೆಯೂ ಕಾಯಬೇಡಿ, ಒಬ್ಬಳನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416, 2022ರಿಂದ ಇದೆ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ರೋಗಿಗಳಿಗೆ ಅಂತ ನಾವು ಗೋಡೆಗೆ ಅಂಟಿಸುತ್ತೇವೆ. ಅದು ನಮಗೂ ಸೇರಿದ್ದು.

ಕೊನೆಯದಾಗಿ ಬರಹದ ವಿಷಯ. ನಮ್ಮಲ್ಲಿ ಒಂದು ನೋಟ್‌ಬುಕ್ ಇತ್ತು. ಅದರಲ್ಲಿ ಯಾರ ಹೆಸರನ್ನೂ ಬರೆಯಬಾರದು, ಯಾರು ಅತ್ತರು ಅಂತ ಬರೆಯಬಾರದು. ಸರಿಪಡಿಸಬೇಕಾದದ್ದು ಮಾತ್ರ ಬರೆಯಬೇಕು ಅಂತ ಕಟ್ಟುನಿಟ್ಟು ಮಾಡಿದ್ದೆ. ನಾನು ರಜೆಯಲ್ಲಿದ್ದ ಒಂದು ರಾತ್ರಿ 900 ಗ್ರಾಮಿನ ಮಗು ಹೋಯಿತು. ಡ್ಯೂಟಿಯಲ್ಲಿ ಇದ್ದವರೆಲ್ಲ ಕಿರಿಯರು. ಕೂರಿ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮೂರು ದಿನ ಬಿಟ್ಟು ಬಂದು ನೋಟ್‌ಬುಕ್ ತೆರೆದರೆ ಹೀಗಿತ್ತು: ‘ಸೊನ್ನೆ ಸೈಜಿನ ಮಾಸ್ಕ್ ಟ್ರಾಲಿಯಲ್ಲಿ ಇರಲಿಲ್ಲ, ಲೇಬರ್ ರೂಮಿನಿಂದ ತಂದೆವು, ಎರಡು ತರಿಸಬೇಕು. 3ನೇ ವಾರ್ಮರ್ ಹತ್ತಿರದ ಗಡಿಯಾರ ನಿಂತಿದೆ, ಸೆಲ್ ಹಾಕಬೇಕು. ಆಯಮ್ಮ ರಾತ್ರಿ ಊಟ ಮಾಡಿರಲಿಲ್ಲ. ಇಡ್ಲಿ ತರಿಸಿ ಜೊತೆಗೆ ಕೂತು ತಿಂದೆವು.’